ಅಣಬೆ ಸಾರು ಅಂತ ಹೇಳಿದ್ದೆ

ಈ ಬೇಸಿಗೆಯ ಆರಂಭದಲ್ಲಿ ಒಂದು ಮಧ್ಯಾಹ್ನ, ನಮ್ಮ ಬ್ಯಾಂಕಿನಲ್ಲಿ ಹೊಸ ಖಾತೆಗೆ ಅರ್ಜಿ ಕೊಟ್ಟಿದ್ದ ಹುಡುಗನೊಬ್ಬನ ವಿಳಾಸ ಖಾತ್ರಿ ಮಾಡಿಕೊಳ್ಳಲು ಹುಮನಾಬಾದಿನ ಕಾರ್ಖಾನೆಗಳ ಹಿಂದಿನ ಓಣಿಗೆ ಹೋಗಿದ್ದೆ. ಔಷಧ ಕಾರ್ಖಾನೆಗಳಲ್ಲಿ ದುಡಿಯಲು ಒಡಿಶಾ, ಆಂಧ್ರದ ಕಡೆಯಿಂದ ಬಂದವರು ಅಲ್ಲಿ ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಇರುತ್ತಾರೆ. ಆ ಓಣಿಗೆ ಸದಾ ಒಂದು ಕೆಮಿಕಲ್ ವಾಸನೆ. ಹತ್ತು ನಿಮಿಷ ನಿಂತರೆ ಅದು ಗೊತ್ತಾಗುವುದೂ ನಿಂತುಹೋಗುತ್ತದೆ. ಆದರೆ ಅವತ್ತು ಅದರ ನಡುವಿನಿಂದ ಇನ್ನೊಂದು ವಾಸನೆ ಬಂತು. ಪಕ್ಕದ ಕೋಣೆಯಲ್ಲಿ ಯಾರೋ ಒಣಮೀನು ಕುದಿಸುತ್ತಿದ್ದರು. ಬರೆಯುತ್ತಿದ್ದುದನ್ನು ನಿಲ್ಲಿಸಿದೆ. ಇಲ್ಲಿಯ ಮಾತು ಚೆನ್ನಾಗಿ ಕಲಿತಿದ್ದ ಹುಡುಗ ನನ್ನ ಮುಖ ನೋಡಿ, "ವಾಸನಿ ಬರಾಕತ್ತದೇನ್ರಿ ಮೇಡಂ? ಬಾಗಿಲಾ ಮುಚ್ಚಲೇನ್ರಿ?" ಎಂದ. ಬೇಡಪ್ಪ ಎಂದೆ. ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಾನು ಅಂದುಕೊಂಡದ್ದು ನನ್ನ ತಂಗಿ ಶಿವಲೀಲಾ ನಿಂತಿದ್ದಾಳೆ ಎಂದು.

ನಾಲ್ಕು ವರ್ಷದ ಹಿಂದಿನ ಮಳೆಗಾಲ ಅದು. ಬ್ಯಾಂಕಿನವರು ನನ್ನನ್ನು ಮಂಗಳೂರಿಗೆ ಎತ್ತಿಹಾಕಿದ್ದರು. ಬಸವಕಲ್ಯಾಣದವಳಿಗೆ ಮಂಗಳೂರು ಎಂದರೆ ಬೇರೆ ದೇಶವೇ. ನಮ್ಮ ಕಡೆ ಮಳೆಗೆ ಕಾಯುತ್ತೇವೆ. ಅಲ್ಲಿ ಮಳೆ ನಿಲ್ಲುವುದಕ್ಕೆ ಕಾಯಬೇಕು. ಒಗೆದ ಸೀರೆ ಮೂರು ದಿನ ಹಸಿಯಾಗಿಯೇ ತೂಗುತ್ತಿತ್ತು. ನಾನು ಹೋಗಿ ಎರಡು ತಿಂಗಳಾಗಿರಬೇಕು, ಬಸವಕಲ್ಯಾಣದಲ್ಲಿ ಅವ್ವನ ಜೊತೆಗಿದ್ದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದ ಶಿವಲೀಲಾಳ ಗಂಟಲಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ಹೈದರಾಬಾದಿಗೆ ಹೋದರೆ ನೋಡಿಕೊಳ್ಳುವವರು ಯಾರು? ಅಕ್ಕ ಇರುವ ಊರಿಗೇ ಹೋಗಲಿ ಎಂದಾಯಿತು. ಹಾಗೆ ಅವಳು ಒಂದು ಚೀಲ, ಒಂದು ಡಬ್ಬಿ ಶೇಂಗಾ ಹಿಂಡಿ ಹಿಡಿದುಕೊಂಡು ಮಂಗಳೂರಿನ ನನ್ನ ಒಂದು ಕೋಣೆಯ ಮನೆಗೆ ಬಂದಳು. ಬಂದವಳೇ ಕಿಟಕಿಯಿಂದ ಹೊರಗೆ ನೋಡಿ, "ಅಕ್ಕಾ, ಇಲ್ಲಿ ಆಕಾಶಕ್ಕ ತೂತ ಬಿದ್ದದ, ಯಾರರ ರಿಪೇರಿ ಮಾಡಸರಿ" ಎಂದಳು. ಅವಳು ಹಾಗೇ. ಸುಮ್ಮನಿರು ಎಂದರೆ ಎರಡು ಮಾತು ಜಾಸ್ತಿ.

ನಮ್ಮದು ಲಿಂಗಾಯತ ಮನೆ. ಮಾಂಸ ಮೊಟ್ಟೆಯ ಮಾತು ದೂರವೇ ಉಳಿಯಿತು. ನಾನು ಊರೂರು ತಿರುಗಿ ಸ್ವಲ್ಪ ಸಡಿಲಾಗಿದ್ದೆ. ಕೊರಳಲ್ಲಿ ಲಿಂಗ ಇತ್ತು, ಪೂಜೆ ತಪ್ಪುತ್ತಿತ್ತು. ಶಿವಲೀಲಾ ಹಾಗಲ್ಲ. ಉಣ್ಣುವ ಮೊದಲು ಲಿಂಗವನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತಟ್ಟೆಯಲ್ಲಿದ್ದುದನ್ನು ಅದಕ್ಕೆ ಅರ್ಪಿಸಿಯೇ ತುತ್ತೆತ್ತುವಳು. ಅರ್ಪಿಸಿದ ಮೇಲೆ ಅದು ಪ್ರಸಾದ. ಅಗಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವಳು. ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದಳು, ಅವ್ವ ಈಗಲೂ ಮಾಡುತ್ತಾಳೆ.

ಏಳು ವಾರ ವಿಕಿರಣ ಚಿಕಿತ್ಸೆ ಎಂದರು. ಕೊರಳಲ್ಲಿ ಏನೂ ಇರಬಾರದು ಎಂದಾಗ ಅವಳು ಲಿಂಗ ಬಿಚ್ಚಲು ಒಪ್ಪಲಿಲ್ಲ. ಕೊನೆಗೆ ಅಲ್ಲಿನ ಹುಡುಗಿಯೊಬ್ಬಳು ಕೈಯಲ್ಲಿ ಹಿಡಿದುಕೊಂಡರೆ ಆಗುತ್ತದೆ ಎಂದಳು. ಮುಖಕ್ಕೆ ಬಲೆಯಂಥ ಮುಖವಾಡ ಬಿಗಿದು ಮಲಗಿಸುವಾಗ ಅವಳ ಎಡಮುಷ್ಟಿ ಬಿಗಿಯಾಗಿರುತ್ತಿತ್ತು. ಎರಡನೆಯ ವಾರದಲ್ಲೇ ನಾಲಿಗೆಗೆ ರುಚಿಯೇ ಇಲ್ಲದಾಯಿತು. ರೊಟ್ಟಿ ರಟ್ಟಿನ ಹಾಗೆ, ಬೇಳೆ ಸಾರು ಕಬ್ಬಿಣ ನೆಕ್ಕಿದ ಹಾಗೆ. ಖಾರ ತಗುಲಿದರೆ ಗಂಟಲು ಉರಿಯುತ್ತಿತ್ತು. ಅರ್ಪಿಸಿದ ಮೇಲೆ ಬಿಡಬಾರದೆಂದು ಅವಳು ತಟ್ಟೆಗೆ ಬಡಿಸಿಕೊಳ್ಳುವುದನ್ನೇ ಕಡಿಮೆ ಮಾಡಿದಳು. ಒಂದು ಚಮಚ ಗಂಜಿ, ಎರಡು ಚಮಚ ಮಜ್ಜಿಗೆ.

ಪ್ರತಿ ಸೋಮವಾರ ತೂಕ ನೋಡುತ್ತಿದ್ದರು. ಇನ್ನೂ ಇಳಿದರೆ ಮೂಗಿನಿಂದ ನಳಿಕೆ ಹಾಕಿ ಉಣಿಸಬೇಕಾಗುತ್ತದೆ, ಚಿಕಿತ್ಸೆ ನಡುವೆ ನಿಲ್ಲಿಸಬೇಕಾಗಬಹುದು, ಹಾಗೆ ನಿಲ್ಲಿಸುವುದು ಒಳ್ಳೆಯದಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅವಳಿಗೆ ನಳಿಕೆಯ ಹೆಸರು ಕೇಳಿದರೇ ಭಯ. ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿಗೆ ಹಾಕಿದ್ದನ್ನು ನೋಡಿದ್ದಳು. "ಅದ ಹಾಕೂದಾದ್ರ ನನ್ನ ಕಲ್ಯಾಣಕ್ಕ ಕಳಿಸಿಬಿಡು ಅಕ್ಕಾ, ಅವ್ವನ ಮಗ್ಗಲಾಗ ಬಿದ್ದಿರ್ತೀನಿ" ಎಂದಳು. ತಮಾಷೆಯ ದನಿ ಅದರಲ್ಲಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವ ಹೆಂಗಸೊಬ್ಬರಿದ್ದರು. ಅವರು ಹೇಳಿದ್ದು ಇಷ್ಟೇ: "ಗೊತ್ತಿದ್ದ ರುಚಿ ಕೊಟ್ಟರೆ ನಾಲಿಗೆ ಅದು ಹಾಗಿಲ್ಲ, ಇದು ಹೀಗಿಲ್ಲ ಅಂತ ತಕರಾರು ಮಾಡ್ತದೆ ಮಾರಾಯ್ರೆ. ಗೊತ್ತೇ ಇಲ್ಲದ್ದನ್ನು ಕೊಟ್ಟು ನೋಡಿ. ಚೈನೀಸೋ ಮತ್ತೊಂದೋ. ಖಾರ ಮಾತ್ರ ಬೇಡ." ಹೀಗೆ ಶುರುವಾಯಿತು ನಮ್ಮ ಹುಡುಕಾಟ. ಬೆಳಿಗ್ಗೆ ಚಿಕಿತ್ಸೆ, ಅದು ಮುಗಿದ ಮೇಲೆ ಒಂದು ಆಟೋ, ಎರಡು ಕೊಡೆ, ಒಂದು ಹೊಸ ಹೋಟೆಲು. ಅವಳಿಗೆ ಅದೊಂದು ಆಟವಾಯಿತು. ನನಗೆ ಸೋಮವಾರದ ತೂಕದ್ದೇ ಧ್ಯಾನ.

ಮೊದಲು ಹೋದದ್ದು ಕೆಂಪು ಲಾಟೀನು ತೂಗುಬಿಟ್ಟ ಮಹಡಿಯ ಹೋಟೆಲಿಗೆ. ಮೆಣಸಿನ ಪುಡಿ ಬೇಡ ಎಂದು ಮೂರು ಸಲ ಹೇಳಿದರೂ ಸೂಪು ಬಂದಾಗ ಕೆಂಪಗೇ ಇತ್ತು. ಮಾಲ್‌ನ ನಾಲ್ಕನೇ ಮಹಡಿಯ ಥಾಯ್ ಹೋಟೆಲಿನಲ್ಲಿ ತೆಂಗಿನ ಹಾಲಿನ ಸಾರು ಕೊಟ್ಟರು. ಅವಳು ಒಂದು ಗುಟುಕು ಕುಡಿದು, "ತಲಿನೋವಿನ ಬಾಮ್ ಕರಗಿಸ್ಯಾರ" ಎಂದಳು. ಕಾಲೇಜು ಹುಡುಗರು ತುಂಬಿದ್ದ ಕೊರಿಯಾ ಹೋಟೆಲಿನಲ್ಲಿ ತಣ್ಣಗಿನ ಅನ್ನವನ್ನು ಕಪ್ಪು ಎಲೆಯಲ್ಲಿ ಸುತ್ತಿ ತಂದಿಟ್ಟರು. ಅದು ಸಮುದ್ರದ ಪಾಚಿ ಎಂದು ಗೊತ್ತಾದ ಮೇಲೆ ಅವಳು ನಗುತ್ತಾ ನಗುತ್ತಾ ಕೆಮ್ಮಿ ಸುಸ್ತಾದಳು. ನಾಲ್ಕು ಕಡೆ ತಿರುಗುವಷ್ಟರಲ್ಲಿ ನಾನೂ ಪರಿಣತಳಾದೆ. ಮೆನು ಎಷ್ಟು ಉದ್ದವೋ ಅಡಿಗೆ ಅಷ್ಟು ಕೆಟ್ಟದ್ದು. ಕೆಲಸದವರು ತಮ್ಮ ಊಟ ಹೊರಗಿನಿಂದ ತರಿಸಿಕೊಂಡರೆ ಅಲ್ಲಿಂದ ಎದ್ದು ಬರಬೇಕು. ಆದರೆ ಇಷ್ಟು ತಿಳಿದುಕೊಂಡೂ ಆ ಒಂದು ವಾರದಲ್ಲಿ ಅವಳ ಹೊಟ್ಟೆಗೆ ಏನೂ ಸೇರಲಿಲ್ಲ. ತೂಕ ಇಳಿದೇ ಇಳಿಯಿತು. ಮುಂದಿನ ಸೋಮವಾರ ನೋಡಿ ನಳಿಕೆಯ ವಿಚಾರ ತೀರ್ಮಾನ ಮಾಡೋಣ ಎಂದರು.

ಡೋಲ್ಮಾಳ ಹೋಟೆಲು ಸಿಕ್ಕಿದ್ದು ಆ ವಾರ. ಬಂದರಿನ ಕಡೆ ಇಳಿಯುವ ಓಣಿಯಲ್ಲಿ, ಐದೇ ಮೇಜಿನ ಜಾಗ. ಮಳೆ ಜೋರಾಯಿತೆಂದು ಒಳಗೆ ನುಗ್ಗಿದೆವು. ಸಣ್ಣ ಕಣ್ಣಿನ, ಕೆಂಪು ಕೆನ್ನೆಯ ಹೆಂಗಸು ಗಲ್ಲಾದ ಹಿಂದಿನಿಂದ, "ಬರ್ರಿ ಬರ್ರಿ, ತೊಯ್ಸಿಕೊಂಡೀರಿ, ಕುಂದರ್ರಿ" ಎಂದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂರು ತಿಂಗಳಲ್ಲಿ ಹೊರಗಿನವರ ಬಾಯಿಂದ ನನ್ನ ಕಿವಿಗೆ ನಮ್ಮ ಕಡೆಯ ಕನ್ನಡ ಬಿದ್ದದ್ದು ಅದೇ ಮೊದಲು. ಅವಳು ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ ಹುಟ್ಟಿ ಬೆಳೆದವಳು. ಗೋವೆಯ ದೊಡ್ಡ ಹೋಟೆಲಿನಲ್ಲಿ ಚೀನಾ, ಜಪಾನು ಎಲ್ಲ ಅಡಿಗೆ ಕಲಿತು ಇಲ್ಲಿ ಸ್ವಂತದ್ದು ಹಾಕಿದ್ದಳು. ಶಿವಲೀಲಾ ಆ ನೋವಿನ ಗಂಟಲಲ್ಲೇ ಹತ್ತು ನಿಮಿಷ ಮಾತಾಡಿದಳು.

ನಾನು ಕೇಳಬೇಕಾದ್ದನ್ನು ಕೇಳಿದೆ. "ನಾವು ಶಾಕಾಹಾರಿಗಳ್ರಿ. ಮಾಂಸ ಇರಬಾರದು, ತತ್ತಿ ಇರಬಾರದು, ಖಾರ ಇರಬಾರದು." ಡೋಲ್ಮಾ ಯೋಚಿಸಿ, "ಮಾಂಸ ಇಲ್ಲದ್ದು, ತತ್ತಿ ಇಲ್ಲದ್ದು ಒಂದ ಸಾರ ಅದ್ರಿ, ಬಿಳೀ ಶಾವಿಗಿ ಹಾಕಿ ಕೊಡ್ತೇನಿ" ಎಂದಳು. ಜೇನಿನ ಬಣ್ಣದ ತಿಳಿ ಸಾರು, ತೆಳ್ಳನೆಯ ಅಕ್ಕಿ ಶಾವಿಗೆ, ನಾಲ್ಕು ಚೂರು ಹಸಿರು ಸೊಪ್ಪು. ಶಿವಲೀಲಾ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಒಂದು ಚಮಚ ಬಾಯಿಗಿಟ್ಟಳು. ಕಣ್ಣು ತೆರೆದು ನನ್ನನ್ನು ನೋಡಿದಳು. "ಅಕ್ಕಾ," ಎಂದಳು, "ರುಚಿ ಬರಾಕತ್ತದ."

ಪೂರ್ತಿ ಬಟ್ಟಲು ಮುಗಿಸಿದಳು. ಮುಗಿಸಿ, ಬಟ್ಟಲಿಗೆ ನೀರು ಹಾಕಿ, ತೊಳೆದು ಅದನ್ನೂ ಕುಡಿದಳು. ಗಲ್ಲಾದಿಂದ ನೋಡುತ್ತಿದ್ದ ಡೋಲ್ಮಾ, ಪಾಪ ಈಕೆಗೆ ಇಷ್ಟು ಹಸಿವೆಯೇ ಎಂದುಕೊಂಡು ಕೇಳದೆಯೇ ಇನ್ನೊಂದು ಬಟ್ಟಲು ತಂದಿಟ್ಟಳು. ಬೇಡ ಎನ್ನುವ ಮೊದಲೇ ಶಿವಲೀಲಾಳ ಕೈ ಲಿಂಗಕ್ಕೆ ಹೋಗಿಯಾಗಿತ್ತು. ಅದನ್ನೂ ಮುಗಿಸಿದಳು. ನಾನು ಮುಖ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಅತ್ತೆ. ಸೋಮವಾರ ತೂಕ ಇಳಿದಿರಲಿಲ್ಲ.

ಮುಂದಿನ ಎರಡು ವಾರ ದಿನಾ ಅಲ್ಲೇ ಊಟ. ನನ್ನ ಬದುಕಿನ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಆ ಹದಿನೈದು ದಿನಗಳನ್ನೇ ಹೇಳಬೇಕು, ಹೇಳಲು ಭಯವಾಗುತ್ತದೆ. ಶಿವಲೀಲಾ ಡೋಲ್ಮಾಗೆ ಹುಗ್ಗಿ ಮಾಡುವುದು ಹೇಗೆಂದು ಹೇಳಿಕೊಟ್ಟಳು, ಅವಳ ಪರದೆಗಳ ಅಂಚು ಹೊಲಿದುಕೊಟ್ಟಳು. ಅವ್ವನಿಗೆ ಫೋನ್ ಮಾಡಿ, "ಅವ್ವಾ, ಇಲ್ಲೊಬ್ಬಾಕಿ ಭೌತೇಕ ಹೋದ ಜನ್ಮದಾಗ ನಮ್ಮ ಮೋರಖಂಡಿ ಊರಾಕೀನೇ ಇರಬೇಕು" ಎಂದಳು.

ಅಲ್ಲಿಗೆ ಹೋಗತೊಡಗಿದ ಮೂರನೆಯ ವಾರದಲ್ಲಿ ಒಂದು ದಿನ ಅಪರೂಪಕ್ಕೆ ಬಿಸಿಲು ಬಿತ್ತು. ಕೈ ತೊಳೆಯಲು ಹಿತ್ತಲಿನ ನಲ್ಲಿಗೆ ಹೋದೆ. ಡೋಲ್ಮಾ ಮೊರದಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಒಣಮೀನುಗಳನ್ನು ಹರಡುತ್ತಿದ್ದಳು. "ಇದ್ಯಾತಕ್ಕ?" ಎಂದು ಸುಮ್ಮನೆ ಕೇಳಿದೆ. "ಸಾರಿಗ್ರಿ. ನಿಮ್ಮ ತಂಗಿ ಕುಡೀತಾರಲ್ಲ, ಅದಕ್ಕ," ಎಂದಳು. "ಇದನ್ನ ಕುದಿಸಿ ಸೋಸಿದ್ರ ಆ ರುಚಿ ಬರ್ತದ."

ನಲ್ಲಿ ನಿಲ್ಲಿಸಲೂ ಮರೆತೆ. ನನ್ನ ಮುಖ ನೋಡಿ ಅವಳ ಮುಖ ಬಿಳುಚಿಕೊಂಡಿತು. "ನೀವು ಮಾಂಸ ಅಂದ್ರಿ, ತತ್ತಿ ಅಂದ್ರಿ. ಮೀನ ಬ್ಯಾಡ ಅನ್ನಲಿಲ್ಲಲ್ರಿ? ಇಲ್ಲಿ ತಿನ್ನದವರು ಮೊದಲ ಮೀನ ಬ್ಯಾಡ ಅಂತಾನ ಹೇಳ್ತಾರ." ನಿಜ. ನಾನು ಮೀನಿನ ಹೆಸರೇ ಎತ್ತಿರಲಿಲ್ಲ. ಬಸವಕಲ್ಯಾಣದಲ್ಲಿ ಬೆಳೆದ ನನಗೆ ತಿನ್ನಬಾರದ್ದರ ಪಟ್ಟಿಯಲ್ಲೂ ಮೀನು ಇರಲಿಲ್ಲ. ಸಮುದ್ರದ ಊರಿಗೆ ಬಂದು, ಆ ವಾಸನೆಯ ಓಣಿಯಲ್ಲಿ ದಿನಾ ಓಡಾಡಿ, ಸಾರಿನೊಳಗೆ ಅದು ಇರಬಹುದು ಎಂಬ ಅಂದಾಜೂ ಬರಲಿಲ್ಲ.

ಡೋಲ್ಮಾ ಅವತ್ತೇ ಬೇರೆ ಪಾತ್ರೆ ಇಟ್ಟು, ಒಣ ಅಣಬೆ ಹಾಕಿ ಸಾರು ಮಾಡಿದಳು. ನೋಡಲು ಅದೇ ಬಣ್ಣ. ಶಿವಲೀಲಾ ಅರ್ಪಿಸಿ, ಒಂದು ಚಮಚ ಕುಡಿದು ನಿಲ್ಲಿಸಿದಳು. "ಇವತ್ತ ರುಚಿ ಹೋಗೇದ," ಎಂದಳು. ಬಿಡುವಂತಿಲ್ಲವಲ್ಲ, ಕಷ್ಟಪಟ್ಟು ನುಂಗುತ್ತಾ ಹೋದಳು. ಅರ್ಧದಲ್ಲಿ ಎಲ್ಲ ವಾಂತಿಯಾಯಿತು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಹೋಟೆಲಿಗೇ ಬೇಡ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಚಿಕಿತ್ಸೆ ಇನ್ನೂ ಒಂದು ವಾರಕ್ಕೂ ಹೆಚ್ಚು ಬಾಕಿ ಇತ್ತು.

ನಾನೊಬ್ಬಳೇ ಡೋಲ್ಮಾ ಬಳಿ ಹೋದೆ. "ಮೊದಲಿನ ಹಂಗೇ ಮಾಡ್ರಿ," ಎಂದೆ.

ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಅವರು ಕಣ್ಣ ಮುಚ್ಚಿ ದೇವರಿಗೆ ಕೊಟ್ಟು ಕುಡೀತಾರ್ರಿ. ನಾ ದಿನಾ ನೋಡ್ತೇನಿ. ಗೊತ್ತಿದ್ದೂ ಹ್ಯಾಂಗ ಹಾಕ್ಲಿ?"

"ಪಾಪ ನನಗಿರಲಿ."

"ಕುದಸಾಕಿ ನಾ ಅಲ್ಲೇನ್ರಿ?" ಎಂದಳು. ಒಲೆಯ ಉರಿ ಸಣ್ಣ ಮಾಡಿ, "ಅವರಿಗೆ ಹೇಳಿ ಕೇಳ್ರಿ ಒಂದ ಸಲ. ಹೂಂ ಅಂದ್ರ ಹಾಕ್ತೇನಿ" ಎಂದಳು. ಅದು ಸರಿಯಾದ ಮಾತು, ನನಗೆ ಆಗಲೂ ಗೊತ್ತಿತ್ತು. ಹೇಳಿದರೆ ಶಿವಲೀಲಾ ಬೇಡ ಎನ್ನುತ್ತಾಳೆ ಎಂಬುದೂ ಗೊತ್ತಿತ್ತು. ಮರುದಿನ ಬಂದು, "ಕೇಳಿದೆ, ಹೂಂ ಅಂದಳು" ಎಂದೆ. ಡೋಲ್ಮಾ ನಂಬಿದಳೋ ಇಲ್ಲವೋ, ಸಾರು ಮಾತ್ರ ಮಾಡಿದಳು. ಅವತ್ತಿನಿಂದ ನಾವು ಹೋದಾಗ ಅವಳು ಅಡಿಗೆಮನೆಯಿಂದ ಹೊರಗೆ ಬರುವುದು ಕಡಿಮೆಯಾಯಿತು. ಶಿವಲೀಲಾ, "ಯಾಕಕ್ಕಾ, ಅಕಿಗೇನರ ಅಂದ್ಯಾ?" ಎಂದು ನನ್ನನ್ನೇ ಕೇಳಿದಳು.

ಸಾರು ಮತ್ತೆ ಹೊಟ್ಟೆಗೆ ಸೇರತೊಡಗಿತು. ಆದರೆ ಅವಳೇನು ದಡ್ಡಿಯಲ್ಲ. ಕೊನೆಯ ವಾರ ಒಂದು ಮಧ್ಯಾಹ್ನ ಚಮಚ ಎತ್ತುವ ಮೊದಲು ಬಟ್ಟಲನ್ನೇ ನೋಡುತ್ತಾ ಕೂತಳು. ಆ ಹೊತ್ತಿಗೆ ಅವಳ ದನಿ ಪಿಸುಮಾತಾಗಿತ್ತು. "ಅಕ್ಕಾ, ಇದರಾಗ ಏನ ಹಾಕ್ತಾರ? ಖರೇ ಹೇಳು."

"ಅಣಬಿ. ಅಣಬಿ ಸಾರ ಅದು," ಎಂದೆ.

"ಬ್ಯಾರೆ ಏನೂ ಇಲ್ಲ?"

"ಬಿಲ್ಕುಲ್ ಇಲ್ಲ."

ಅವಳು ಇನ್ನೂ ನೋಡುತ್ತಲೇ ಇದ್ದಳು. ನಾನು ನನ್ನ ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ, "ಇದರಾಣೆ" ಎಂದೆ. ಯಾರೂ ಹಾಗೆ ಕೇಳಿರಲಿಲ್ಲ. ನಾನೇ ಕೈ ಎತ್ತಿ ಮುಟ್ಟಿದೆ. ಅವಳು ಲಿಂಗ ಹಿಡಿದಳು. ಕಣ್ಣು ಮುಚ್ಚಿ ಅರ್ಪಿಸಿದಳು, ಉಂಡಳು, ತೊಳೆದು ಕುಡಿದಳು.

ನಳಿಕೆ ಇಲ್ಲದೆ ಚಿಕಿತ್ಸೆ ಮುಗಿಯಿತು. ಡಾಕ್ಟರು ಅವಳ ಬೆನ್ನು ತಟ್ಟಿದರು. ದಸರೆಗೆ ಬಸವಕಲ್ಯಾಣಕ್ಕೆ ಹೋದಳು, ಹೊಲಿಗೆ ಯಂತ್ರದ ಮುಂದೆ ಕೂತಳು, ಮತ್ತೆ ಬಾಯಿ ತುಂಬ ಮಾತಾಡಿದಳು. ನಾನು ಹೇಗಾದರೂ ಮಾಡಿ ಹುಮನಾಬಾದಿಗೆ ವರ್ಗ ಮಾಡಿಸಿಕೊಂಡು ಬಂದೆ. ಗೆದ್ದೆವು ಎಂದುಕೊಂಡೆ. ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ಶುರುವಾಯಿತು. ಶ್ವಾಸಕೋಶಕ್ಕೆ ಹೋಗಿದೆ ಎಂದರು.

ಕೊನೆಯ ದಿನಗಳಲ್ಲಿ ಅವಳು ಕೇಳಿದ್ದು ಆ ಸಾರನ್ನೇ. ಅವ್ವ ಬೇಳೆಕಟ್ಟು ಮಾಡಿದಳು, ತರಕಾರಿ ಕುದಿಸಿ ಸೋಸಿದಳು. "ಇದಲ್ಲವ್ವಾ" ಎನ್ನುವಳು. ನಾನು ಹುಮನಾಬಾದಿನ ಹೆದ್ದಾರಿಯ ಹೋಟೆಲು, ಮಾಣಿಕನಗರದ ಚೈನೀಸ್ ಗಾಡಿ, ಯಾವುದನ್ನೂ ಬಿಡದೆ ತಿರುಗಿದೆ. ಎಲ್ಲ ಕಡೆ ಕೆಂಪು ಗೋಬಿ, ಕಪ್ಪು ಸೋಯಾ ಸಾರು. ಏನು ಬೇಕು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅವ್ವನ ಒಲೆಯ ಮೇಲೆ ಅದನ್ನು ಕುದಿಸುವುದು ಹೇಗೆ? ಮಂಚದ ಪಕ್ಕ ಕೂತು ನಿಜ ಹೇಳಲೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿದೆ. ಯುಗಾದಿ ಕಳೆದು ನಾಲ್ಕು ದಿನಕ್ಕೆ ಅವಳು ಹೋದಳು. ಮೋರಖಂಡಿಯ ನಮ್ಮ ಹೊಲದಲ್ಲಿ, ಅಪ್ಪನ ಪಕ್ಕದಲ್ಲಿ ಕೂಡಿಸಿ, ಮಣ್ಣು ಕೊಟ್ಟು ಗದ್ದುಗೆ ಮಾಡಿದೆವು.

ಅದರ ನಂತರ ನಾನು ಲಿಂಗ ಪೂಜೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಜನ ಭಕ್ತಿ ಎಂದುಕೊಂಡಿದ್ದಾರೆ. ಅಂಗೈಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅವಳ ಮುಖ, ಬಟ್ಟಲು ನೋಡುತ್ತಾ ಕೂತ ಮುಖ. ಆ ಸಾರಿನಿಂದ ಅವಳಿಗೆ ಕೆಟ್ಟದ್ದೇನೂ ಆಗಲಿಲ್ಲ, ಅದರಿಂದಲೇ ಆರು ತಿಂಗಳು ಬದುಕಿದಳು ಎಂದು ಬುದ್ಧಿಗೆ ಗೊತ್ತು. ಅಷ್ಟು ಗೊತ್ತಿದ್ದೂ ಸಂಜೆ ಮನೆಯ ಬೀಗ ತೆಗೆಯುವಾಗ ಒಳಗೆ ಅವಳು ಕಾಯುತ್ತಿದ್ದಾಳೆ, ಕೇಳುತ್ತಾಳೆ ಅನ್ನಿಸುತ್ತದೆ.

ಈ ಸಲದ ಪುಣ್ಯತಿಥಿಗೆ ಬಸವಕಲ್ಯಾಣಕ್ಕೆ ಹೋದೆ. ಹಿಂದಿನ ದಿನ ಅವ್ವ ಗೋಧಿ ಆರಿಸುತ್ತಾ ಕೂತಿದ್ದವಳು ತಲೆಯೆತ್ತದೆ ಹೇಳಿದಳು: "ಎರಡ ವರ್ಷ ಗದ್ದಗಿಗೆ ಹುಗ್ಗಿ ಎಡಿ ಹಿಡದೀನಿ. ಹುಗ್ಗಿ ಅಕಿಗೆಲ್ಲಿ ಸೇರ್ತಿತ್ತ? ಕಡೀಕ ಬೇಡಿದ್ದು ಆ ಸಾರ. ಈ ಸಲ ಅದನ್ನ ಮಾಡೂಣು. ಅದರಾಗ ಏನೇನ ಹಾಕ್ತಾರ, ಹೇಳು."

ಅಣಬೆ ಎಂದರೆ ಮುಗಿಯುತ್ತಿತ್ತು. ಪೇಟೆಯಲ್ಲಿ ಈಗ ಅಣಬೆಯೂ ಸಿಗುತ್ತದೆ. ಅವ್ವ ಮಡಿಯಿಂದ ಅದನ್ನು ಕುದಿಸಿ, ನನ್ನ ಸುಳ್ಳನ್ನು ತಂಬಿಗೆಯಲ್ಲಿ ತುಂಬಿ ಅವಳ ಗದ್ದುಗೆಯ ಮುಂದೆ ಇಡುವುದು ಕಣ್ಣಿಗೆ ಕಟ್ಟಿತು. ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಮೀನಿನದ್ದು, ಡೋಲ್ಮಾಗೆ ಹೇಳಿದ್ದು, ಲಿಂಗ ಮುಟ್ಟಿದ್ದು.

ಅವ್ವನ ಕೈ ಮೊರದಲ್ಲಿ ನಿಂತಿತು. ಕೂಗಾಡುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು, "ಉಂಡಳಾ?"

"ಉಂಡಳವ್ವಾ. ದಿನಾ ಉಂಡಳು."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಅವಳ ಕಾಲು ಹಿಡಿದು, "ಮಾಫ್ ಮಾಡವ್ವಾ" ಎಂದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ತಲೆಯ ಮೇಲೆ ಕೈಯನ್ನೂ ಇಡಲಿಲ್ಲ.

"ನಾ ಹ್ಯಾಂಗ ಮಾಫ್ ಮಾಡ್ಲಿ?" ಎಂದಳು. "ನಾ ಉಂಡಿಲ್ಲ, ನಾ ಕೇಳಿಲ್ಲ. ಕೇಳಿದಾಕಿಗೆ ಹೋಗಿ ಹೇಳು."

ಮರುದಿನ ಹೊಲದಲ್ಲಿ ಎಡೆ ಅರ್ಪಿಸಿ ಎಲ್ಲರೂ ಬೇವಿನ ನೆರಳಿಗೆ ಹೋದ ಮೇಲೆ ನಾನೊಬ್ಬಳೇ ಗದ್ದುಗೆಯ ಹತ್ತಿರ ಕೂತೆ. ನಡು ಮಧ್ಯಾಹ್ನ. ಕಲ್ಲು ಕಾದಿತ್ತು. ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಹೊಲ ಹರಗುತ್ತಿತ್ತು. ಮನಸ್ಸಿನಲ್ಲೇ ಹೇಳಿದರೆ ಸಾಲದು ಅನ್ನಿಸಿ ಬಾಯಿಬಿಟ್ಟು ಹೇಳಿದೆ. "ಶಿವಲೀಲಾ, ಅದು ಅಣಬಿ ಅಲ್ಲವ್ವ. ಮೀನಿನ ನೀರು. ನನಗ ಗೊತ್ತಿತ್ತು." ಇಷ್ಟು ಹೇಳಲು ನಾಲ್ಕು ವರ್ಷ ಬೇಕಾಯಿತು, ಹೇಳಿ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಅಲ್ಲೇ ಕೂತೆ. ಅವ್ವ ಎರಡು ಸಲ ಕರೆದಳು, ನಾನು ಏಳಲಿಲ್ಲ. ಬೈಯಲಿ, ಅಣಕಿಸಲಿ, ಏನಾದರೂ ಅನ್ನಲಿ ಎಂದು ಕಾದೆ. ಬದುಕಿದ್ದಾಗ ನನ್ನ ಒಂದು ಮಾತಿಗೂ ಎದುರು ಮಾತಾಡದೆ ಬಿಟ್ಟವಳಲ್ಲ ಅವಳು.